ಹಿಂದಿನ ಹಿಡಿಕೆ

ಮಾರ್ಚ್ 4, ಮಂಗಳವಾರ

ತಾರ್ಮೊನ ಗಾಡಿ ಕಂಪನಿಯ ಪುಸ್ತಿಕೆಯ ಮುಖಪುಟದ ಮೇಲೆ ಬಂದಿದೆ! ಒಳಪುಟದಲ್ಲಲ್ಲ, ಮೂಲೆಯ ಸಣ್ಣ ಚಿತ್ರವೂ ಅಲ್ಲ, ಮುಖಪುಟ, ಇಡೀ ಮುಖಪುಟ! ತುಯಿಸ್ಕು ಕಂಪನಿ ಮುಂದಿನ ಚಳಿಗಾಲಕ್ಕೆ ತರುವ, ಹಿಮದ ಮೇಲೆ ಓಡಿಸುವ ಒಂಬತ್ತು ಸ್ನೋಮೊಬೈಲ್‌ಗಳಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿರುವುದು ನನ್ನ ಗಂಡ ರೂಪಿಸಿದ ‘ಹಂಕಿ’. ನನ್ನ ಗಂಡ! ಈ ಎರಡು ಪದ ಬರೆಯಲು ಶುರುಮಾಡಿ ಐದೇ ವಾರ ಆಗಿದೆ, ಬರೆದಾಗಲೆಲ್ಲ ಪೆನ್ನು ತಾನಾಗಿ ಕುಣಿಯುತ್ತದೆ.

ಪುಸ್ತಿಕೆ ತರಲು ರಸ್ತೆಬದಿಯ ಅಂಚೆಪೆಟ್ಟಿಗೆಯವರೆಗೆ ಮನೆಚಪ್ಪಲಿಯಲ್ಲೇ ಓಡಿದೆ. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ನನಗೆ ಗೊತ್ತೇ ಆಗಲಿಲ್ಲ. ಹಂಕಿಗೆ ಸಂಜೆಯ ಹಿಮದ ನೀಲಿ ಬಣ್ಣ. ಪಕ್ಕದಿಂದ ಕಾಣುವಷ್ಟು ಹಿಂಭಾಗ ಎಷ್ಟು ನುಣುಪು ಎಂದರೆ ಆಗತಾನೇ ನೀರಿನಿಂದ ತೆಗೆದ ಮೀನಿನ ಬೆನ್ನಿನ ಹಾಗೆ. ಅದರ ಇಂಗ್ಲಿಷ್ ಪುಸ್ತಿಕೆ ಬರೆದವಳು ನಾನೇ. ನಾವಿಬ್ಬರೂ ಪರಿಚಯವಾದದ್ದೂ ಇಂಥದೇ ಒಂದು ಪುಸ್ತಿಕೆಯಿಂದ: ಸೀಟಿನ ಬಗ್ಗೆ ಅವನು ಬರೆದ ಎರಡು ಸಾಲನ್ನು ನಾನು ಇಂಗ್ಲಿಷಿನಲ್ಲಿ ಹತ್ತು ಸಾಲು ಮಾಡಿದ್ದೆ, ಅವನು ಫೋನ್ ಮಾಡಿ ಉಳಿದ ಎಂಟು ಸಾಲು ಯಾವ ಸೀಟಿನ ಬಗ್ಗೆ ಎಂದು ಕೇಳಿದ.

ಈಗ ಮುನ್ನೂರು ಜನ ಬೇಕು. ಏಪ್ರಿಲ್ ಹದಿನೈದರೊಳಗೆ ಮುನ್ನೂರು ಮಂದಿ ‘ನನಗೊಂದು ಹಂಕಿ’ ಎಂದು ಸಹಿ ಹಾಕಿಕೊಟ್ಟರೆ ಕಾರ್ಖಾನೆ ಅದನ್ನು ತಯಾರಿಸುತ್ತದೆ. ಇಲ್ಲದಿದ್ದರೆ ಹಂಕಿ ಚಿತ್ರವಾಗಿಯೇ ಉಳಿಯುತ್ತದೆ, ತಾರ್ಮೊ ಮತ್ತೆ ಮಕ್ಕಳ ಗಾಡಿಯ ಸೀಟು ಬಿಡಿಸುವ ಮೇಜಿಗೆ ಹೋಗುತ್ತಾನೆ. ಮೂರು ವರ್ಷದ ಕೆಲಸ! ಆದರೆ ಮುನ್ನೂರು ಯಾವ ಲೆಕ್ಕ? ಇದನ್ನು ನೋಡಿದ ಮೇಲೆ ಯಾರು ತಾನೇ ಬೇಡ ಎಂದಾರು?

ಊಟಕ್ಕೆ ಬಟಾಣಿ ಸಾರು, ಆಮೇಲೆ ಕೆನೆ ತುಂಬಿದ ಬನ್ನು, ಇವತ್ತು ಉಪವಾಸಕ್ಕೆ ಮುಂಚಿನ ಮಂಗಳವಾರದ ಹಬ್ಬ. ಸಾರು ಮಾಡಿದ್ದು ನಾನು, ಹೇಳಿಕೊಟ್ಟದ್ದು ಹೆಲ್ವಿ ಅತ್ತೆ. ಮೂರು ವಾರದ ಹಿಂದೆ ಅವರು ಹಬೆಸ್ನಾನದ ಮನೆ ಸೌನಾದ ಮೆಟ್ಟಿಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡರು. ತಾರ್ಮೊ ಓಲುವಿನ ಕಾರ್ಖಾನೆ ಬಿಟ್ಟು ಬರುವ ಹಾಗಿಲ್ಲ, ನನ್ನ ಕೆಲಸಕ್ಕೆ ಒಂದು ಮೇಜು ಸಾಕು, ಹಾಗಾಗಿ ದಕ್ಷಿಣದ ಎಸ್ಪೋ ನಗರದಲ್ಲಿ ಬೆಳೆದ ನಾನು ಉತ್ತರದ ಹಿಲ್ಲವಾರ ಹಳ್ಳಿಯ ಈ ಅಡುಗೆಮನೆಗೆ ಬಂದೆ. ಅತ್ತೆ ಚಿತ್ರವನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಯಾಸ್ ಮಾವ ಕನ್ನಡಕ ಹಾಕಿಕೊಂಡು ಮುಂದಿನಿಂದ ನೋಡಿದರು, ಪಕ್ಕದಿಂದ ನೋಡಿದರು, ಪುಟ ತಿರುಗಿಸಿದರು, ಮತ್ತೆ ತಿರುಗಿಸಿದರು.

“ಹಿಂಭಾಗದ ಚಿತ್ರ ಇಲ್ವಾ?” ಅಂದರು.

ಹಿಂಭಾಗದ ಚಿತ್ರವನ್ನು ಯಾರು ಅಚ್ಚು ಹಾಕಿಸುತ್ತಾರೆ ಮಾವ ಎಂದು ನಕ್ಕೆ. ಅವರು ಬನ್ನು ತಿಂದು ಹಿಮಸಾರಂಗಗಳಿಗೆ ಮೇವು ಹಾಕಲು ಹೋದರು.

ಮಾರ್ಚ್ 8, ಶನಿವಾರ

ಎಂಥ ದಿನ! ಕೆಮಿಯಾರ್ವಿ ಪೇಟೆಯಲ್ಲಿ, ಕೌನೊನ ಗಾಡಿ ಅಂಗಡಿಯಲ್ಲಿ ಇವತ್ತು ಹೊಸ ಗಾಡಿಗಳ ಪ್ರದರ್ಶನ. ಅಂಗಳದಲ್ಲಿ ಬೆಂಕಿ, ಬೆಂಕಿಯ ಮೇಲೆ ಸಾಸೇಜು, ಒಳಗೆ ದೊಡ್ಡ ಹಂಡೆಯಲ್ಲಿ ಕಾಫಿ. ಸುತ್ತಲಿನ ಎಲ್ಲ ಹಳ್ಳಿಗಳಿಂದ ಗಾಡಿ ಇರುವವರೆಲ್ಲ ಬಂದಿದ್ದರು, ಅಂದರೆ ಎಲ್ಲರೂ ಬಂದಿದ್ದರು. ನಾನು ತುಯಿಸ್ಕು ಟೋಪಿ ಹಾಕಿಕೊಂಡು ಹಂಕಿಯ ಪಕ್ಕದಲ್ಲೇ ನಿಂತೆ. ಇದು ನನ್ನ ಗಂಡನದು ಎಂದು ಸುಮಾರು ನಲವತ್ತು ಜನರಿಗೆ ಹೇಳಿದೆ. ಅವರಲ್ಲಿ ಮೂವತ್ತೈದು ಜನಕ್ಕೆ ತಾರ್ಮೊ ಚಡ್ಡಿ ಹಾಕುತ್ತಿದ್ದ ಕಾಲದಿಂದ ಗೊತ್ತು.

ಅವರ ನೋಡುವ ರೀತಿಯೇ ಬೇರೆ. ಎಂಜಿನ್ ಕೇಳುವುದಿಲ್ಲ, ಪರದೆ ಮುಟ್ಟುವುದಿಲ್ಲ. ಒಬ್ಬೊಬ್ಬರಾಗಿ ನೇರ ಹಿಂದಕ್ಕೆ ಹೋಗಿ ಬಗ್ಗುತ್ತಾರೆ, ಕೈ ಚಾಚುತ್ತಾರೆ, ಒಂದು ಕ್ಷಣ ಹಾಗೇ ಇದ್ದು ನೆಟ್ಟಗೆ ನಿಲ್ಲುತ್ತಾರೆ. ಆಮೇಲೆ ಕಾಫಿ ಹಂಡೆಯ ಕಡೆ ನಡೆಯುತ್ತಾರೆ. ಒಂದು ಮಾತಿಲ್ಲ! ಆ ನುಣುಪಿಗೆ ಎಲ್ಲರೂ ತಲೆಬಾಗುತ್ತಿದ್ದಾರೆ ಎಂದುಕೊಂಡೆ. ಅಲ್ಲಿಂದಲೇ ತಾರ್ಮೊಗೆ ಬರೆದು ಕಳಿಸಿದೆ: ಎಲ್ಲರೂ ಮೂಕರಾಗಿದ್ದಾರೆ.

ಒಬ್ಬ ಮುದುಕ ಮಾತ್ರ ಬಣ್ಣ ಚೆನ್ನಾಗಿದೆ ಅಂದ. ಪಕ್ಕದ ಮನೆಯ ಮಾರೆತ್, ಇನ್ನೂರು ಹಿಮಸಾರಂಗಗಳನ್ನು ಒಬ್ಬಳೇ ನೋಡಿಕೊಳ್ಳುವವಳು, ನನ್ನ ಭುಜ ತಟ್ಟಿ, “ಚೆನ್ನಾಗಿದೆ ಕಣೆ. ಮದುವೆ ಮೆರವಣಿಗೆಗೆ ಹೇಳಿ ಮಾಡ್ಸಿದ ಹಾಗಿದೆ,” ಅಂದಳು.

ಎಷ್ಟು ಒಳ್ಳೆಯ ಮಾತು!

ಮಾರ್ಚ್ 9, ಭಾನುವಾರ

ನಿನ್ನೆಯ ಸುದ್ದಿಯನ್ನೆಲ್ಲ ಅತ್ತೆಯ ಜಡೆ ಹಾಕುತ್ತಾ ಹೇಳಿದೆ. ಕೊನೆಗೆ, ಬಣ್ಣ ಚೆನ್ನಾಗಿದೆ ಅಂದರು ಅಂದಾಗ ಅತ್ತೆ ಕನ್ನಡಿಯಲ್ಲಿ ನನ್ನನ್ನೇ ನೋಡಿದರು.

“ನನ್ನ ತಂಗಿ ತನ್ನ ಮೊದಲನೇ ಗಂಡನ್ನ ಮನೆಗೆ ಕರ್ಕೊಂಡು ಬಂದ ದಿನ ನಮ್ಮಪ್ಪ ಅವನನ್ನ ಒಂದು ಗಂಟೆ ನೋಡಿದ್ರು. ಆಮೇಲೆ ಅಂಗಿ ಚೆನ್ನಾಗಿದೆ ಅಂದ್ರು.”

ಮೊದಲನೇ ಗಂಡ. ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹಾಕಬೇಕಾಯಿತು.

ಕೌನೊಗೆ ಫೋನ್ ಮಾಡಿದೆ. ಹಂಕಿಗೆ ಎಷ್ಟು ಸಹಿ ಬಂತು? ಒಂದೂ ಇಲ್ಲವಂತೆ. ಸಾಸೇಜು ಮಾತ್ರ ಪೂರ್ತಿ ಖರ್ಚಾಯಿತಂತೆ.

ಮಾರ್ಚ್ 12, ಬುಧವಾರ

ಇವತ್ತು ಮನಸ್ಸು ಮತ್ತೆ ಹಗುರ! ಇಂಟರ್ನೆಟ್ಟಿನಲ್ಲಿ ತುಯಿಸ್ಕು ಮಾಲೀಕರು ಹರಟುವ ಜಾಗವೊಂದಿದೆ, ಬೆಳಗ್ಗಿನಿಂದ ಅದನ್ನೇ ಓದುತ್ತಿದ್ದೇನೆ. ನಾರ್ವೆಯವನೊಬ್ಬ ಹಂಕಿಯ ಚಿತ್ರವನ್ನು ಮಲಗುವ ಕೋಣೆಯಲ್ಲಿ ಹಾಕಿಕೊಂಡಿದ್ದಾನೆ, ಹೆಂಡತಿ ತೆಗೆಸಿದಳಂತೆ, ಈಗ ಗ್ಯಾರೇಜಿನಲ್ಲಿದೆ. ಕೆನಡಾದವನೊಬ್ಬ ಮೂರು ಸಲ ಓದಿದರೂ ಅರ್ಥವಾಗದಷ್ಟು ಉದ್ದದ ಹೊಗಳಿಕೆ ಬರೆದಿದ್ದಾನೆ, ಪುಣ್ಯಾತ್ಮ. ಸ್ವೀಡನ್ನಿನ ಹೆಂಗಸಿಗೆ ಹಳದಿ ಬಣ್ಣ ನಿಲ್ಲಿಸಿದ್ದಕ್ಕೆ ಕೋಪ, ಅವಳ ಕೋಟು ಹಳದಿ. ಹಳೆಯ ಎಂಜಿನ್ನೇ ಚೆನ್ನಾಗಿತ್ತು ಎನ್ನುವವರು ಇದ್ದೇ ಇದ್ದಾರೆ, ಅವರು ಪ್ರತಿ ವರ್ಷವೂ ಇರುತ್ತಾರಂತೆ. ಒಟ್ಟಿನಲ್ಲಿ ಜಗತ್ತು ನನ್ನ ಗಂಡನನ್ನು ಮೆಚ್ಚಿಕೊಂಡಿದೆ. ನಾನು ಕುರ್ಚಿಯಲ್ಲಿ ಕೂರಲಾರದೆ ಎದ್ದು ಎದ್ದು ನಡೆದೆ.

ನಮ್ಮ ಭಾಷೆಯ ಪುಟದಲ್ಲಿ ಮಾತ್ರ ಒಂದೇ ಸಾಲು. ಯಾರೋ ಬರೆದದ್ದು: ಎತ್ತೋದು ಎಲ್ಲಿಂದ? ಅದರ ಕೆಳಗೆ ತೊಂಬತ್ತೊಂದು ಜನ ಹೌದು ಎಂದು ಗುರುತು ಒತ್ತಿದ್ದಾರೆ, ಒಂದಕ್ಷರ ಸೇರಿಸಿಲ್ಲ.

ಫೋನಿನಲ್ಲಿ ತಾರ್ಮೊನನ್ನು ಕೇಳಿದೆ. ಎಲ್ಲ ಗಾಡಿಗಳಿಗೂ ಹಿಂದೆ ಒಂದು ಕೊಳವೆಯ ಹಿಡಿಕೆ ಇರುತ್ತದಂತೆ, ಹೂತುಹೋದಾಗ ಹಿಡಿದು ಎತ್ತಲು. ಅದನ್ನು ಅವನು ತೆಗೆದಿದ್ದಾನೆ. ಅದಕ್ಕೆ ಹಿಮ ಮೆತ್ತಿಕೊಳ್ಳುತ್ತದೆ, ಭಾರ ಬೇರೆ, ನೋಡಲು ಬಕೆಟ್ಟಿನ ಕಿವಿಯ ಹಾಗೆ.

“ಹಂಕಿ ಹೂತು ಹೋಗೋದೇ ಇಲ್ಲ ಸಿರು. ಕೆಳಗೆ ಸುತ್ತೋ ಪಟ್ಟಿ ಅಷ್ಟು ಅಗಲ ಇದೆ. ನಾನು ನಮ್ಮೂರ ಕೆರೆಯ ಮಂಜುಗಡ್ಡೆ ಮೇಲೇ ಬೆಳೆದವನು, ನಂಗೊತ್ತಿಲ್ವಾ?”

ಗೊತ್ತಿಲ್ಲದೆ ಏನು! ಕಂಪನಿಯ ಪರವಾಗಿ ಅದೇ ಉತ್ತರವನ್ನು ಎರಡು ಭಾಷೆಯಲ್ಲಿ ಬರೆದು ಹಾಕಿದೆ, ಬಹಳ ಸೊಗಸಾಗಿ ಬಂದಿದೆ. ತೊಂಬತ್ತೊಂದು ಈಗ ನೂರಾ ನಲವತ್ತಾಗಿದೆ.

ಮಾರ್ಚ್ 15, ಶನಿವಾರ

ಸಿಟ್ಟು ಬಂದಿದೆ, ಬರೆಯುವುದಿಲ್ಲ ಅಂದುಕೊಂಡೆ. ಬರೆಯುತ್ತೇನೆ. ಎಲ್ಯಾಸ್ ಮಾವ ಸಹಿ ಹಾಕಿದರೆ ಹಳ್ಳಿಯೇ ಹಾಕುತ್ತದೆ, ಹಿಮಸಾರಂಗ ಸಾಕುವವರ ಸಂಘದಲ್ಲಿ ಅವರ ಮಾತು ನಡೆಯುತ್ತದೆ. ಅವರ ಗಾಡಿ ತೊಂಬತ್ತರ ದಶಕದ್ದು, ಕೆಮ್ಮುತ್ತದೆ. ಸಹಿಯ ಕಾಗದವನ್ನು ಕಾಫಿ ಲೋಟದ ಪಕ್ಕದಲ್ಲೇ ಇಟ್ಟೆ, ಪೆನ್ನು ಸಮೇತ. “ನೋಡೋಣ,” ಅಂದರು. ಲೋಟ ಎತ್ತಿಕೊಂಡು ಪೆನ್ನು ಬಿಟ್ಟು ಹೋದರು. ಸ್ವಂತ ಮಗನ ಗಾಡಿ. ಸ್ವಂತ ಮಗ.

ಮಾರ್ಚ್ 20, ಗುರುವಾರ

ಕೌನೊ ಅಂಗಡಿಯ ಹಂಕಿಯನ್ನೇ ಟ್ರೇಲರಿನಲ್ಲಿ ಕಳಿಸಿದ್ದಾನೆ, ಒಂದಿಷ್ಟು ದಿನ ಓಡಿಸಿ ನೋಡಲು. ಕೇಳಿದ್ದು ಎಲ್ಯಾಸ್ ಮಾವ! ನನಗೆ ತಿಳಿಸದೆ! ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಾಳೆ ಕೆರೆಯ ಆ ತುದಿಗೆ, ಮಂಜುಗಡ್ಡೆಯ ಕೆಳಗೆ ಬಿಟ್ಟಿರುವ ಬಲೆ ನೋಡಲು ಹೋಗುತ್ತಾರಂತೆ. “ಇದನ್ನ ನೀನು ಓಡ್ಸು,” ಅಂದರು. ನಾನು! ಈ ಮನೆಗೆ ಬಂದ ಮೇಲೆ ಅವರು ನನಗೆ ಹೇಳಿದ ಅತಿ ಉದ್ದದ ವಾಕ್ಯಗಳಲ್ಲಿ ಇದೂ ಒಂದು.

ಮಾರ್ಚ್ 21, ಶುಕ್ರವಾರ

ಬೆರಳು ಇನ್ನೂ ಮಡಚಲು ಬರುತ್ತಿಲ್ಲ, ಅಕ್ಷರ ಸೊಟ್ಟಗಿದೆ. ಆದರೂ ಎಲ್ಲವನ್ನೂ ಬರೆಯಬೇಕು.

ಬೆಳಗ್ಗೆ ಬಿಸಿಲು. ಹಂಕಿ ಹೋದದ್ದು ಹೇಗೆ ಎಂದರೆ, ಕೆಳಗೆ ಹಿಮವಿದೆ ಎಂದೇ ಅನ್ನಿಸಲಿಲ್ಲ. ಮಾವ ತಮ್ಮ ಕೆಮ್ಮುವ ಗಾಡಿಯಲ್ಲಿ ಹಿಂದೆ. ನಾನು ಜೋರಾಗಿ ಹಾಡುತ್ತಿದ್ದೆ, ಹೆಲ್ಮೆಟ್ಟಿನೊಳಗೆ ಯಾರಿಗೂ ಕೇಳುವುದಿಲ್ಲ. ಕೆರೆಗೆ ಹಳ್ಳ ಸೇರುವ ಜಾಗದಲ್ಲಿ ಹಿಮ ಎಲ್ಲ ಕಡೆಯಂತೆ ಬೆಳ್ಳಗೇ ಇತ್ತು. ಇದ್ದಕ್ಕಿದ್ದಂತೆ ಗಾಡಿ ಜೇನಿಗೆ ಬಿದ್ದ ಇರುವೆಯ ಹಾಗೆ ನಿಧಾನವಾಯಿತು. ಹಿಂದೆ ಬೂದು ಬಣ್ಣದ ನೀರು ಎದ್ದಿತು. ಮಂಜುಗಡ್ಡೆಯ ಮೇಲೆ, ಹಿಮದ ಅಡಿಯಲ್ಲಿ ನಿಲ್ಲುವ ಆ ನೀರುಹಿಮವನ್ನು ಇಲ್ಲಿ ಗಂಜಿ ಎನ್ನುತ್ತಾರೆ. ಹೆದರಿ ನಾನು ಆಕ್ಸಿಲರೇಟರಿನಿಂದ ಕೈ ಬಿಟ್ಟೆ. ಹಂಕಿ ನಿಂತಿತು, ಹಿಂಭಾಗ ಮೆಲ್ಲಗೆ ಕೂತುಕೊಂಡಿತು.

ಹೂತುಹೋಗುವುದೇ ಇಲ್ಲ ಎಂದು ನಾನು ಎರಡು ಭಾಷೆಯಲ್ಲಿ ಬರೆದದ್ದು.

ಮಾವ ಸುತ್ತುಹಾಕಿ ಗಟ್ಟಿ ಮಂಜಿನ ಮೇಲೆ ತಮ್ಮ ಗಾಡಿ ನಿಲ್ಲಿಸಿ ನಡೆದು ಬಂದರು. ಬೈಯಲಿಲ್ಲ. ಹಿಂದಕ್ಕೆ ಹೋಗಿ ಬಗ್ಗಿದರು. ಅವರ ಕೈ ತಾನಾಗಿಯೇ ಒಂದು ಜಾಗಕ್ಕೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಇನ್ನೂ ಕೆಳಗೆ ಹುಡುಕಿತು, ಪಕ್ಕಕ್ಕೆ ಹುಡುಕಿತು. ತನ್ನದೇ ಮನೆಯ ಗೋಡೆಯಲ್ಲಿ ಸ್ವಿಚ್ಚು ಹುಡುಕುವವರ ಹಾಗೆ. ಆ ದಿನ ಕೌನೊ ಅಂಗಡಿಯಲ್ಲಿ ಅಷ್ಟೂ ಜನ ಬಗ್ಗಿ ಮಾಡಿದ್ದು ಇದನ್ನೇ ಎಂದು ನನಗೆ ಅಲ್ಲಿ, ಆ ನೀರಿನಲ್ಲಿ, ಗೊತ್ತಾಯಿತು.

ನುಣುಪಾದ ಬಾಲವನ್ನೇ ತಬ್ಬಿ ಎತ್ತಲು ನೋಡಿದರು. ಕೈಗವಸು ಜಾರಿತು, ಸೊಂಟದವರೆಗೆ ಗಂಜಿಯಲ್ಲಿ ಕೂತರು. ಎದ್ದರು. ಹಗ್ಗವನ್ನು ಗಾಡಿಯ ಅಡಿಯಿಂದ ಹಾಯಿಸಿ ಕುಣಿಕೆ ಮಾಡಿ ಎರಡೂ ಅಂಗೈಗೆ ಸುತ್ತಿಕೊಂಡರು. ಈಗ ಹೋಗು ಅಂದರು. ಎದ್ದಿತು, ಹೋಯಿತು, ನಾನು ಅವರಿಗೇನಾಯಿತೋ ಎಂದು ತಿರುಗಿ ನೋಡಿದೆ, ಅಷ್ಟಕ್ಕೇ ಮತ್ತೆ ಕೂತಿತು.

“ಹಿಂದೆ ನೋಡ್ಬೇಡ,” ಅಂದರು. “ಗಟ್ಟಿ ಮಂಜು ಸಿಗೋವರ್ಗೂ ಹೋಗ್ತಾನೇ ಇರು. ನಾನು ನಡ್ಕೊಂಡು ಬರ್ತೀನಿ.”

ಮೂರನೇ ಸಲ ಹೋದೆ. ನಿಂತ ಮೇಲೆ ತಿರುಗಿದೆ. ಅಷ್ಟು ದೂರದಲ್ಲಿ, ಬೂದು ನೀರಿನಲ್ಲಿ, ಮೊಣಕಾಲೆತ್ತರಕ್ಕೆ ಕಾಲೆತ್ತಿ ಎತ್ತಿ ಬರುತ್ತಿದ್ದ ಒಂದು ಸಣ್ಣ ಆಕೃತಿ.

ದಡದಲ್ಲಿ ಸಂಘದ ಗುಡಿಸಲಿದೆ. ಒಲೆ ಹಚ್ಚಿ, ಕಾಲುಚೀಲಗಳನ್ನು ಮೇಲೆ ತೂಗುಹಾಕಿ, ಬಿಸಿ ಕಾಫಿಗೆ ಇಲ್ಲಿನ ರೂಢಿಯಂತೆ ಗಿಣ್ಣಿನ ತುಂಡು ಹಾಕಿಕೊಂಡು ಕೂತೆವು. ಹಗ್ಗ ಅವರ ಅಂಗೈಯನ್ನು ಅಡ್ಡಲಾಗಿ ಕೊಯ್ದಿತ್ತು. ತಾರ್ಮೊ ಇಲ್ಲಿ ಹೂತುಹೋಗಿಯೇ ಇಲ್ಲವೇ ಎಂದು ಕೇಳಿದೆ.

“ನೂರು ಸಲ.”

ಮತ್ತೆ ಹಿಡಿಕೆ ಬೇಡ ಅಂತ ಅವನಿಗೆ ಹೇಗೆ ಅನ್ನಿಸಿತು?

ಅವರು ಲೋಟದ ತಳದಿಂದ ಗಿಣ್ಣು ತೆಗೆದು ತಿಂದರು. ಅವಸರವೇ ಇಲ್ಲ.

“ಅವ್ನು ಮುಂದೆ ಕೂತಿರ್ತಿದ್ದ, ಗಾಡಿ ಓಡ್ಸೋನು. ಎತ್ತೋನು ನಾನು. ಹಿಂದೆ ನೋಡ್ಬೇಡ ಅಂತ ನಾನೇ ಕಲ್ಸಿದ್ದು, ನಿಂತ್ರೆ ಮತ್ತೆ ಮುಳುಗ್ತೀವಲ್ಲ. ಹಿಂದೆ ಏನಿತ್ತು ಅಂತ ಅವ್ನು ಯಾವತ್ತು ನೋಡ್ಬೇಕು? ಗಾಡಿ ತಾನೇ ಎದ್ದು ಬರುತ್ತೆ ಅಂದ್ಕೊಂಡಿರ್ತಾನೆ.”

ಮೊದಲ ದಿನವೇ ಗೊತ್ತಿತ್ತಲ್ಲ, ಅವನಿಗೆ ಹೇಳಬಾರದಿತ್ತೇ ಎಂದೆ.

“ಮುಖಪುಟದ ಮೇಲೆ ಬಂದಿದೆ,” ಅಂದರು. “ನಾನು ಹೇಗೆ ಹೇಳ್ಲಿ?”

ಆಗ ನೋಡಿದೆ. ಒಲೆಯ ಎದುರಿನ ಗೋಡೆಯಲ್ಲಿ, ಸಂಘದವರೆಲ್ಲ ಬಂದು ಕೂರುವ ಬೆಂಚಿನ ಮೇಲ್ಗಡೆ, ಹಂಕಿ. ಪುಸ್ತಿಕೆಯ ಮುಖಪುಟವನ್ನು ನೆಟ್ಟಗೆ ಕತ್ತರಿಸಿ, ನಾಲ್ಕು ಮೂಲೆಗೆ ನಾಲ್ಕು ಮೊಳೆ, ಮೊಳೆಯ ಕೆಳಗೆ ಕಾಗದ ಹರಿಯದ ಹಾಗೆ ಚರ್ಮದ ಚೂರು. ಕೆಳಗೆ ಪೆನ್ಸಿಲ್ಲಿನಲ್ಲಿ ತಾರ್ಮೊನ ಹೆಸರು, ಅಪ್ಪನ ಅಕ್ಷರದಲ್ಲಿ.

ಕಾಲುಚೀಲ ಒಣಗುವವರೆಗೆ ಇಬ್ಬರೂ ಅದನ್ನೇ ನೋಡುತ್ತ ಕೂತೆವು.

ಮಾರ್ಚ್ 23, ಭಾನುವಾರ

ಎತ್ತುವುದನ್ನು ಕಲಿಸಿ ಎಂದು ಕೇಳಿದೆ. ಮಾವ ತಮ್ಮ ಹಳೆಯ ಗಾಡಿಯನ್ನು ಸೌನಾದ ಹಿಂದಿನ ಮೆತ್ತನೆಯ ಹಿಮಕ್ಕೆ ಬೇಕೆಂದೇ ಓಡಿಸಿ ಹೂತರು. ಬೆನ್ನಲ್ಲ, ಮೊಣಕಾಲು ಅಂದರು. ಆರು ಸಲ ಆಗಲಿಲ್ಲ. ಅತ್ತೆ ಕಿಟಕಿಯಿಂದ ನೋಡುತ್ತಿದ್ದರು, ಪ್ಲಾಸ್ಟರ್ ಹಾಕಿದ ಕೈಯನ್ನು ಪ್ರತಿ ಸಲವೂ ನನ್ನ ಜೊತೆ ಮೇಲೆತ್ತುತ್ತಿದ್ದರು. ಏಳನೇ ಸಲ ಹಿಂಭಾಗ ಎದ್ದು ಪಕ್ಕಕ್ಕೆ ಕೂತಿತು.

ಇಂಗ್ಲಿಷ್ ಶಾಲೆಯಲ್ಲಿ ನನಗೆ ಚರ್ಚಾಸ್ಪರ್ಧೆಯ ಕಪ್ಪು ಬಂದಿತ್ತು. ಅವತ್ತೂ ಇಷ್ಟು ಹೆಮ್ಮೆ ಆಗಿರಲಿಲ್ಲ.

ಮಾರ್ಚ್ 25, ಮಂಗಳವಾರ

ತಾರ್ಮೊಗೆ ಹೇಳಿದೆ. ನಮ್ಮ ಮೊದಲ ಜಗಳ.

ಒಟ್ಟು ನೂರಾ ಹನ್ನೆರಡು ಸಹಿ ಬಂದಿವೆಯಂತೆ, ಹೆಚ್ಚಿನವು ಸ್ಕೀ ಮಾಡುವ ಊರುಗಳಿಂದ. ಅವನು ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಇಂಥ ಹೊತ್ತಿನಲ್ಲಿ ಹಿಡಿಕೆಯ ಮಾತು ಬೇಕಿತ್ತೇ ಅಂದ. ನಕ್ಷೆ ಮುಗಿದಿದೆ, ಯಾರೂ ಮತ್ತೆ ತೆಗೆಯುವುದಿಲ್ಲ ಅಂದ.

“ನೀನು ಯಾರ ಕಡೆ ಸಿರು?”

“ಹಿಂದಿನ ಕಡೆ,” ಅಂದೆ. ಬಾಯಿಗೆ ಬಂದದ್ದು ಅದೇ. ನಿಮ್ಮಪ್ಪ ಎಲ್ಲಿ ನಿಲ್ಲುತ್ತಿದ್ದರೋ ಅಲ್ಲಿ ನಿಂತು ನೋಡಿದೆ, ಅಲ್ಲಿ ಹಿಡಿಯಲು ಏನೂ ಇಲ್ಲ ಅಂದೆ. ಗುಡಿಸಲಿನ ಮಾತುಗಳನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ, ಒಂದು ಸಾಲನ್ನೂ ಉದ್ದ ಮಾಡಲಿಲ್ಲ. ಗೋಡೆಯ ಮೇಲಿನ ಚಿತ್ರದ ಬಗ್ಗೆ ಮಾತ್ರ ಹೇಳಲಿಲ್ಲ. ಅದು ಮಾವನದು.

ಅವನು ಫೋನ್ ಇಡಲಿಲ್ಲ. ಆ ಕಡೆ ಅವನು ಉಸಿರಾಡುವುದು ಕೇಳುತ್ತಿತ್ತು. ನಾನೂ ಇಡಲಿಲ್ಲ.

ಮಾರ್ಚ್ 29, ಶನಿವಾರ

ಬೆಳಗ್ಗೆ ಮಾವ ಶೆಡ್ಡಿನ ಮೂಲೆಯಿಂದ ಟಾರ್ಪಾಲು ಸರಿಸಿದರು. ಅಡಿಯಲ್ಲಿ ಒಂದು ಕೆಂಪು ಗಾಡಿ, ಎಂಜಿನ್ ಇಲ್ಲ. ತಾರ್ಮೊ ಓಡಿಸಲು ಕಲಿತದ್ದು ಅದರಲ್ಲೇ. ಅದರ ಹಿಂದಿನ ಹಿಡಿಕೆಯನ್ನು ಬಿಚ್ಚಿದೆವು. ಬಾಗಿಸಿದ ಉಕ್ಕಿನ ಕೊಳವೆ, ಕಪ್ಪು ಬಣ್ಣ. ಎರಡು ಕಡೆ ಮಾತ್ರ ಬಣ್ಣ ಪೂರ್ತಿ ಹೋಗಿ ಉಕ್ಕು ಬೆಳ್ಳಗೆ ಹೊಳೆಯುತ್ತದೆ. ಒಂದೊಂದೂ ಒಂದು ಅಂಗೈಯ ಅಗಲ.

ಮಾರೆತ್ ವೆಲ್ಡಿಂಗ್ ಪೆಟ್ಟಿಗೆ ತಂದಳು. ಹಂಕಿ ಕೌನೊನದು, ಅದಕ್ಕೆ ತೂತು ಹೊಡೆಯಬಹುದೇ ಎಂದು ಫೋನ್ ಮಾಡಿದೆ. ತಾನು ಅಂಗಡಿಯಲ್ಲಿದ್ದೇನೆ, ಇಲ್ಲಿಂದ ಹಿಲ್ಲವಾರದ ಶೆಡ್ಡು ಕಾಣುವುದಿಲ್ಲ ಅಂದ. ಎರಡು ಬೋಲ್ಟು ತಾವಾಗಿ ಕೂತವು, ಇನ್ನೆರಡಕ್ಕೆ ಹಿಡಿಕೆಗೆ ಉಕ್ಕಿನ ಚೂರು ಬೆಸೆದು, ಗಾಡಿಗೆ ಹೊಸ ತೂತು. ಬೆಸುಗೆಯ ಕನ್ನಡಕ ತೆಗೆದು ಮಾರೆತ್ ನನ್ನನ್ನು ನೋಡಿದಳು.

“ಎಸ್ಪೋದವಳೇ, ನಿನ್ನ ಗಂಡನ ಚೆಲುವೆ ಗಾಡಿಗೆ ಬಕೆಟ್ಟಿನ ಕಿವಿ ಹಚ್ಚಿಬಿಟ್ಟೆವಲ್ಲ, ಡೈವೋರ್ಸ್ ಆದ್ರೆ ನನ್ನ ಮನೇಲಿ ಜಾಗ ಇದೆ. ಇನ್ನೂರು ಹಿಮಸಾರಂಗಕ್ಕೆ ಮೇವು ಹಾಕ್ಬೇಕು ಅಷ್ಟೆ.”

ಇನ್ನೂರು ಜಾಸ್ತಿ, ನೂರು ಮಾಡು ಅಂದೆ. ಮಾವ ನಕ್ಕರು. ಅವರ ಮೇಲಿನ ಹಲ್ಲೊಂದು ಇಲ್ಲ ಎಂದು ಇವತ್ತು ಗೊತ್ತಾಯಿತು.

ಏಪ್ರಿಲ್ 5, ಶನಿವಾರ

ರಾತ್ರಿಯ ಚಳಿಗೆ ಹಿಮದ ಮೇಲ್ಮೈ ಗಟ್ಟಿಯಾಗಿ, ಬೆಳಗ್ಗೆ ಎಲ್ಲಿ ಬೇಕಾದರೂ ನಡೆಯಬಹುದಿತ್ತು. ಈ ಗಟ್ಟಿ ಹಿಮಕ್ಕೇ ಹಂಕಿ ಎಂದು ಹೆಸರು.

ಸಂಘದ ಸಭೆ ಇತ್ತು, ಆಮೇಲೆ ಎಲ್ಲರೂ ಕೆರೆಯ ಮೇಲೆ ಬಂದರು. ಮಾವ ಹಂಕಿಯನ್ನು ಹಳ್ಳದ ಬಾಯಿಗೇ ಒಯ್ದು ಗಂಜಿಯಲ್ಲಿ ನಿಲ್ಲಿಸಿ ಇಳಿದರು. ನನ್ನ ಕಡೆ ನೋಡಿ, ಹಿಂದಕ್ಕೆ ತಲೆ ಆಡಿಸಿದರು. ಅಷ್ಟೂ ಜನರ ಎದುರು ನಾನು ನೀರಿಗಿಳಿದು ಹಿಡಿಕೆ ಹಿಡಿದೆ. ಬಣ್ಣ ಹೋದ ಜಾಗದಲ್ಲೇ. ಮೊಣಕಾಲು. ಎದ್ದಿತು. ಮಾವ ಓಡಿಸಿಕೊಂಡು ಹೋದರು, ಗಟ್ಟಿ ಮಂಜು ಸಿಗುವವರೆಗೆ ಒಮ್ಮೆಯೂ ಹಿಂದೆ ನೋಡಲಿಲ್ಲ. ನಾನು ನಡೆದುಕೊಂಡು ಹೋದೆ.

ಆಮೇಲೆ ಒಬ್ಬೊಬ್ಬರೂ ಎತ್ತಿ ನೋಡಿದರು. ಎತ್ತಿ, ಇಳಿಸಿ, ಕೈಗವಸು ಒರೆಸಿಕೊಂಡರು. ಮಾರೆತ್ ಓಡಿಸಿಯೂ ನೋಡಿದಳು, ಆಚೆ ದಡದವರೆಗೆ ಹೋಗಿ ಬಂದಳು. ಕೊನೆಗೆ, ಬಣ್ಣ ಚೆನ್ನಾಗಿದೆ ಎಂದಿದ್ದ ಆ ಮುದುಕ ಗಾಡಿಯ ಸುತ್ತ ಒಂದು ಸುತ್ತು ಬಂದು ನಿಂತ.

“ಕೆಟ್ಟದ್ದಲ್ಲ,” ಅಂದ.

ಗುಡಿಸಲಿನಲ್ಲಿ ಸಹಿಯ ಕಾಗದಗಳನ್ನು ಕೊಟ್ಟೆ. ಹನ್ನೊಂದು ಬಂದವು. ಎಲ್ಲದರಲ್ಲೂ ಹೆಸರಿನ ಮುಂದೆ ಒಂದೇ ಮಾತು: ಹಿಡಿಕೆ ಇದ್ದರೆ. ಮೇಲಿನ ಕಾಗದ ಎಲ್ಯಾಸ್ ಮಾವನದು. ನೋಡಲು ಬಂದಿದ್ದ ಕೌನೊ ಹಿಡಿಕೆಯ ಫೋಟೋ ತೆಗೆದು ಉತ್ತರದ ಬೇರೆ ಅಂಗಡಿಗಳಿಗೆಲ್ಲ ಕಳಿಸಿದ. ನಾನೂ ಅದೇ ಫೋಟೋವನ್ನು ಮಾಲೀಕರ ಪುಟದಲ್ಲಿ, ಎತ್ತೋದು ಎಲ್ಲಿಂದ ಎಂದು ಕೇಳಿದ್ದರಲ್ಲ, ಅದರ ಕೆಳಗೆ ಹಾಕಿದೆ. ‘ಇಲ್ಲಿಂದ’ ಎಂದು ಬರೆದೆ. ನನ್ನ ಹಳೆಯ ಸೊಗಸಾದ ಉತ್ತರವನ್ನು ತೆಗೆದುಹಾಕಿದೆ.

ಸಂಜೆ ತಾರ್ಮೊಗೆ ಫೋನ್ ಮಾಡಿದೆ. ಏನಂದರು ಎಂದು ಕೇಳಿದ.

“ಕೆಟ್ಟದ್ದಲ್ಲ ಅಂದ್ರು.”

ಇಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ಅವನಿಗೆ ಗೊತ್ತು. ಅಪ್ಪ ಸಹಿ ಹಾಕಿದರಾ ಎಂದು ಕೇಳಿದ. ಮೊದಲನೆಯದೇ ಅವರದು ಅಂದೆ. ಅವನು ಸುಮ್ಮನಾದ. ಈ ಸಲದ ಮೌನ ಯಾವುದು ಎಂದು ನನಗೆ ಗೊತ್ತಿತ್ತು, ತುಂಬಿಸಲು ಹೋಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಅತ್ತೆಯ ಪ್ಲಾಸ್ಟರ್ ತೆಗೆದರು. ಮನೆಗೆ ಬಂದವರೇ ಬಲಗೈಯಲ್ಲಿ ಸೌಟು ಹಿಡಿದು, ಏಳೆಂಟು ವಾರ ನನ್ನ ಸಾರು ತಿಂದದ್ದು ಸಾಕು ಅಂದರು. ಆಮೇಲೆ, ಬಟಾಣಿ ಸಾರು ಮಾತ್ರ ಕೆಟ್ಟದ್ದಿರಲಿಲ್ಲ ಅಂದರು. ಅಂಗಳಕ್ಕೆ ಹೋಗಿ ಒಂದು ಸುತ್ತು ತಿರುಗಿ ಬಂದೆ.

ತಾರ್ಮೊನ ಫೋನ್ ಬಂತು. ಉತ್ತರದಿಂದ ಎರಡು ದಿನದಲ್ಲಿ ನೂರಾ ಅರವತ್ತು ಕಾಗದ ಬಂದಿವೆ, ಎಲ್ಲದರಲ್ಲೂ ಹಿಡಿಕೆ ಇದ್ದರೆ ಎಂದೇ. ಹಳೆಯವೂ ಸೇರಿದರೆ ಮುನ್ನೂರಕ್ಕೆ ಇನ್ನು ಸ್ವಲ್ಪವೇ ದೂರ. ಅವನೇ ಮೇಲಿನವರ ಕೋಣೆಗೆ ಹೋಗಿ ಹಿಡಿಕೆ ತೆಗೆದದ್ದು ತನ್ನ ತಪ್ಪು ಎಂದು ಹೇಳಿದನಂತೆ. ಮುಖಪುಟಕ್ಕೆ ಬಂದವನು ಹೀಗೆ ಹೇಳಿದ್ದನ್ನು ಅಲ್ಲಿ ಯಾರೂ ಈವರೆಗೆ ಕೇಳಿರಲಿಲ್ಲವಂತೆ. ಗಾಡಿಯ ಚೌಕಟ್ಟು ಬದಲಿಸದೆ ಹಿಡಿಕೆ ಕೂರುವುದಾದರೆ ಸೇರಿಸುತ್ತಾರೆ, ಶುಕ್ರವಾರ ತೀರ್ಮಾನ. ಅಳತೆ ಕಳಿಸು ಎಂದು ಕೇಳಿದ. ನಾಲ್ಕು ಬೋಲ್ಟಿನಲ್ಲಿ ಕೂತಿದೆ, ಅಳತೆ ಕಾಗದದಲ್ಲಿ ಬರುವುದಿಲ್ಲ, ಸಾಮಾನನ್ನೇ ತರುತ್ತೇನೆ ಅಂದೆ.

ನೀವೂ ಬನ್ನಿ ಮಾವ ಎಂದು ಕರೆದೆ. ಕಾರ್ಖಾನೆಯಲ್ಲಿ ನನಗೇನು ಕೆಲಸ, ಎತ್ತುವವಳು ಹೋಗುತ್ತಿದ್ದಾಳಲ್ಲ ಅಂದರು. ಹಂಕಿಯಿಂದ ಹಿಡಿಕೆ ಬಿಚ್ಚಿ, ಎಣ್ಣೆ ಒರೆಸಿ, ತಮ್ಮ ಹಳೆಯ ಉಣ್ಣೆ ಅಂಗಿಯಲ್ಲಿ ಸುತ್ತಿ, ಎರಡು ಕಡೆ ದಾರ ಕಟ್ಟಿಕೊಟ್ಟರು. ನನ್ನ ಸೂಟ್‌ಕೇಸಿಗೆ ಹಿಡಿಸುವುದಿಲ್ಲ, ಕೈಯಲ್ಲೇ ತರಬೇಕು.

ಕಾರ್ಖಾನೆಯವರಿಗೆ ತೋರಿಸುವ ಮೊದಲು, ಓಲುವಿನ ರೈಲು ನಿಲ್ದಾಣದಲ್ಲೇ, ಸುತ್ತಿದ ಅಂಗಿ ಬಿಚ್ಚಿ ಬಣ್ಣ ಹೋದ ಆ ಎರಡು ಜಾಗದಲ್ಲಿ ತಾರ್ಮೊನ ಕೈ ಇಡಿಸಬೇಕು. ಬೇರೇನೂ ಹೇಳಬೇಕಾಗಿಲ್ಲ.

ಅವನಿಗೆ ಬರೆದು ಕಳಿಸಿದೆ: ಗುರುವಾರ, ರೊವಾನಿಯೆಮಿಯಿಂದ ಹೊರಡುವ ಮಧ್ಯಾಹ್ನದ ರೈಲು.